ಹಳೇ ಗೇಮಿಂಗ್ ಪಿಸಿ, ಕೈಯಲ್ಲಿ 12 ಸಾವಿರ: ಪ್ರೊಸೆಸರ್ ಒಂದನ್ನೇ ಬದಲಾಯಿಸಿದ್ರೆ ಸಾಕಾ?

 

ಇವತ್ತಿನ ಸಂಚಿಕೆ ಶುರುವಾಗಿದ್ದು ಒಂದು ವಾಯ್ಸ್ ಮೆಸೇಜ್‌ನಿಂದ. ದಾವಣಗೆರೆಯ ಒಬ್ಬ ಕೇಳುಗ ಕಳಿಸಿದ್ದು. ಎಂಜಿನಿಯರಿಂಗ್ ಓದ್ತಿದ್ದಾನೆ. ಅವನ ಮಾತನ್ನೇ ಹೇಳ್ತೀನಿ: "ಅಣ್ಣಾ, ನನ್ ಪಿಸಿ 2018ರದ್ದು. ಆಟದಲ್ಲಿ ಜಾಸ್ತಿ ಜನ ಸೇರಿದ ತಕ್ಷಣ ತಡವರಿಸುತ್ತೆ. ಮದುವೆ ವಿಡಿಯೋ ಎಡಿಟ್ ಮಾಡಿ ಫೀಸಿಗೆ ಒಂದಿಷ್ಟು ದುಡ್ಡು ಮಾಡ್ಕೋತೀನಿ, ಅದೂ ಇದೇ ಪಿಸಿಯಲ್ಲಿ. ಕೈಯಲ್ಲಿ 12 ಸಾವಿರ ಇದೆ. ಅಂಗಡಿಯಲ್ಲಿ ಕೇಳಿದ್ರೆ ಬೋರ್ಡು, ರ‍್ಯಾಮು, ಪ್ರೊಸೆಸರ್ ಎಲ್ಲಾ ಹೊಸದು ಹಾಕು, 40 ಸಾವಿರದ ಮೇಲಾಗುತ್ತೆ, ಇಎಂಐ ಮಾಡ್ಕೊಡ್ತೀವಿ ಅಂತಾರೆ. ಏನ್ ಮಾಡ್ಲಿ?"

ತಮ್ಮಾ, ಇಎಂಐ ಫಾರ್ಮ್‌ಗೆ ಸಹಿ ಹಾಕಬೇಡ. ಮೊದಲು ಈ ಸಂಚಿಕೆ ಪೂರ್ತಿ ಕೇಳು. ಬೇರೆಯವರೂ ಕೇಳಿ, ಯಾಕಂದ್ರೆ 2017ರಿಂದ 2020ರ ಒಳಗೆ ಪಿಸಿ ಕಟ್ಟಿಸಿದ ಬಹಳಷ್ಟು ಜನ ಈಗ ಇದೇ ಜಾಗದಲ್ಲಿ ನಿಂತಿದ್ದಾರೆ.

ನಾನು ಓದಿದ್ದು ಬಿಕಾಂ, ಎಂಜಿನಿಯರಿಂಗ್ ಅಲ್ಲ. ಅದಕ್ಕೇ ನನಗೆ ಯಾವ ಚಿಪ್ ಫಾಸ್ಟ್ ಅನ್ನೋದಕ್ಕಿಂತ ಮೊದಲು ಬರೋ ಪ್ರಶ್ನೆ, ಯಾವ ಭಾಗಕ್ಕೆ ದುಡ್ಡು ಹಾಕೋದು ಬೇಡ ಅನ್ನೋದು. ಕಡಿಮೆ ಬಜೆಟ್ ಅಪ್‌ಗ್ರೇಡ್ ಅಂದ್ರೆ ಅಷ್ಟೇ. ಹಳೇದರಲ್ಲಿ ಎಷ್ಟು ಉಳಿಸ್ಕೋತೀರೋ ಅಷ್ಟು ಗೆದ್ದಂಗೆ.

ಮೊದಲು ಪರೀಕ್ಷೆ, ಆಮೇಲೆ ಖರ್ಚು

ತಡವರಿಸೋದು ಪ್ರೊಸೆಸರ್‌ನಿಂದಲೇ ಅಂತ ಹೇಗೆ ಗೊತ್ತಾಯ್ತು? ಇದು ಮೊದಲ ಪ್ರಶ್ನೆ.

ಒಂದು ದರ್ಶಿನಿ ನೆನಪಿಸ್ಕೊಳ್ಳಿ. ಕೌಂಟರ್‌ನಲ್ಲಿ ಟೋಕನ್ ಕೊಡೋರು ಒಬ್ರು, ಒಳಗೆ ದೋಸೆ ಹಾಕೋ ಭಟ್ರು ಒಬ್ರು. ಪ್ರೊಸೆಸರ್ ಅಂದ್ರೆ ಟೋಕನ್ ಕೌಂಟರ್. ಯಾರು ಎಲ್ಲಿ ಓಡ್ತಿದ್ದಾರೆ, ಗುಂಡು ಯಾರಿಗೆ ತಗುಲ್ತು ಅಂತ ಲೆಕ್ಕ ಹಾಕಿ, ಈಗ ಈ ಚಿತ್ರ ಬರಿ ಅಂತ ಆರ್ಡರ್ ಕೊಡುತ್ತೆ. ಗ್ರಾಫಿಕ್ಸ್ ಕಾರ್ಡ್ ಅಂದ್ರೆ ದೋಸೆ ಭಟ್ರು, ಚಿತ್ರ ಬರೆಯೋದು ಅದರ ಕೆಲಸ. ಕೌಂಟರ್ ನಿಧಾನ ಆದ್ರೆ ಭಟ್ರು ಸುಮ್ನೆ ನಿಂತಿರ್ತಾರೆ. ಆಗ ದೊಡ್ಡ ಕಾವಲಿ ತಂದ್ರೆ ಏನೂ ಉಪಯೋಗ ಇಲ್ಲ. ಹಾಗೇ ಕಾವಲಿ ಚಿಕ್ಕದಿದ್ದು ಭಟ್ರು ಒದ್ದಾಡ್ತಿದ್ರೆ, ಕೌಂಟರ್‌ಗೆ ಎಷ್ಟೇ ಚುರುಕಾದ ಹುಡುಗನ್ನ ಕೂರಿಸಿದ್ರೂ ದೋಸೆ ಬೇಗ ಬರಲ್ಲ.

ನೋಡೋದು ಹೇಗೆ? ಎಂಎಸ್‌ಐ ಆಫ್ಟರ್‌ಬರ್ನರ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಆಟ ಆಡುವಾಗಲೇ ಮೂಲೆಯಲ್ಲಿ ಜಿಪಿಯು ಬಳಕೆ ಎಷ್ಟು ಅಂತ ತೋರಿಸುತ್ತೆ. ಪರೀಕ್ಷೆಗೆ ಮುಂಚೆ ವಿ-ಸಿಂಕ್ ಆಫ್ ಮಾಡಿ, ಎಫ್‌ಪಿಎಸ್‌ಗೆ ಮಿತಿ ಇಟ್ಟಿದ್ರೆ ತೆಗೀರಿ. ಇಲ್ಲಾಂದ್ರೆ ಲೆಕ್ಕ ತಪ್ಪುತ್ತೆ. ಈಗ ಆಡಿ. ಜಿಪಿಯು 95ರಿಂದ 99 ಪರ್ಸೆಂಟ್ ಓಡ್ತಿದ್ರೆ ಗ್ರಾಫಿಕ್ಸ್ ಕಾರ್ಡ್ ಪೂರ್ತಿ ದುಡೀತಿದೆ ಅಂತ ಅರ್ಥ. ಪ್ರೊಸೆಸರ್ ಬದಲಾಯಿಸಿದ್ರೆ ದೊಡ್ಡ ಲಾಭ ಸಿಗಲ್ಲ. ಜಿಪಿಯು 60, 70ರಲ್ಲೇ ನಿಂತು ಎಫ್‌ಪಿಎಸ್ ಬೀಳ್ತಿದ್ರೆ ಕೌಂಟರ್‌ನಲ್ಲೇ ತೊಂದರೆ.

ಇನ್ನೊಂದು ಸುಲಭ ಪರೀಕ್ಷೆ. ಆಟದ ರೆಸಲ್ಯೂಷನ್ ಅನ್ನು 1080ರಿಂದ 720ಕ್ಕೆ ಇಳಿಸಿ. ಎಫ್‌ಪಿಎಸ್ ಚೆನ್ನಾಗಿ ಏರಿದ್ರೆ ಕಾರ್ಡ್ ವೀಕು. ಅಲ್ಲೇ ನಿಂತ್ರೆ ಪ್ರೊಸೆಸರ್ ವೀಕು.

ಒಂದು ಎಚ್ಚರಿಕೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು 40 ಪರ್ಸೆಂಟ್ ತೋರಿಸ್ತಿದೆ, ಹಾಗಾಗಿ ಪ್ರೊಸೆಸರ್ ಆರಾಮಾಗಿದೆ ಅಂತ ಅಂದ್ಕೋಬೇಡಿ. ಅದು ಎಲ್ಲಾ ಥ್ರೆಡ್‌ಗಳ ಸರಾಸರಿ. 12 ಥ್ರೆಡ್‌ನಲ್ಲಿ ಒಂದೆರಡು ಉಸಿರು ಕಟ್ಟಿ ಓಡ್ತಿದ್ರೂ ಸರಾಸರಿ ಕಡಿಮೆನೇ ಕಾಣುತ್ತೆ. ಆದ್ದರಿಂದ ನೋಡಬೇಕಾದ್ದು ಜಿಪಿಯು ನಂಬರ್.

ಇದೇ ಹೊತ್ತಲ್ಲಿ ಕಾಸಿಲ್ಲದ ಎರಡು ಕೆಲಸ ಮಾಡಿ ನೋಡಿ. ಎರಡು ರ‍್ಯಾಮ್ ಇದ್ರೆ ಬೋರ್ಡ್ ಮ್ಯಾನ್ಯುಯಲ್ ಹೇಳಿದ ಸ್ಲಾಟ್‌ಗಳಲ್ಲೇ ಇದಾವಾ, ಡ್ಯುಯಲ್ ಚಾನೆಲ್ ಓಡ್ತಿದೆಯಾ ಅಂತ ಸಿಪಿಯು-ಜೆಡ್‌ನಲ್ಲಿ ನೋಡಿ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಇದೆಯಾ ನೋಡಿ. ಆಫ್ ಇದ್ರೆ ನೀವು 3200ರ ರ‍್ಯಾಮ್ ಕೊಂಡು 2133, 2400ರಲ್ಲಿ ಓಡಿಸ್ತಿರಬಹುದು.

ಯಾವ ಚಿಪ್ ಅಂತ ಬೋರ್ಡ್ ಹೇಳುತ್ತೆ

ನಮ್ಮ ದಾವಣಗೆರೆ ತಮ್ಮನ ಪಿಸಿಯಲ್ಲಿರೋದು ರೈಜನ್ 5 1600, ಬಿ450 ಬೋರ್ಡ್, 16 ಜಿಬಿ ಡಿಡಿಆರ್4. ಕಾರ್ಡ್ ಮಾತ್ರ ಆಮೇಲೆ ಹಾಕ್ಕೊಂಡಿದ್ದು, ಆರ್‌ಎಕ್ಸ್ 6600. ಪರೀಕ್ಷೆ ಮಾಡಿಸಿದ್ವಿ. ಆಟದಲ್ಲಿ ಗಲಾಟೆ ಜಾಸ್ತಿ ಆದಾಗೆಲ್ಲ ಕಾರ್ಡ್ ಖಾಲಿ ಕೂತಿರುತ್ತೆ. ಅಂದ್ರೆ ಪ್ರೊಸೆಸರ್‌ನದ್ದೇ ಸಮಸ್ಯೆ.

ಇಲ್ಲಿ ಅವನ ಅದೃಷ್ಟ ಚೆನ್ನಾಗಿದೆ. ಎಎಂಡಿ ಕಂಪನಿಯ ಎಎಂ4 ಸಾಕೆಟ್‌ನಲ್ಲಿ ಮೊದಲ ರೈಜನ್ ಬಂದಿದ್ದು 2017ರಲ್ಲಿ. ಅದೇ ಸಾಕೆಟ್‌ಗೆ 2022ರಲ್ಲೂ ಹೊಸ ಚಿಪ್ ಬಂತು. ಆದ್ರೆ ಇದು ಸುಮ್ನೆ ಸಿಕ್ಕಿದ್ದಲ್ಲ. 2020ರ ಮೇ ತಿಂಗಳಲ್ಲಿ ಎಎಂಡಿ, ಮುಂದಿನ ಝೆನ್ 3 ಚಿಪ್‌ಗಳು 400 ಸರಣಿಯ ಬೋರ್ಡ್‌ಗಳಲ್ಲಿ ಓಡಲ್ಲ ಅಂತ ಹೇಳಿತ್ತು. ಬೋರ್ಡ್ ಕೊಂಡವರು ಜೋರಾಗಿ ಗಲಾಟೆ ಮಾಡಿದ ಮೇಲೆ ಅದೇ ತಿಂಗಳು ಮಾತು ಬದಲಾಯಿಸ್ತು. 2022ರಲ್ಲಿ 300 ಸರಣಿಯ ಬೋರ್ಡ್‌ಗಳಿಗೂ ದಾರಿ ಬಿಟ್ಟುಕೊಡ್ತು. ಗ್ರಾಹಕರು ಗಂಟಲೆತ್ತಿದ್ದಕ್ಕೆ ಇವತ್ತು ಈ ಹುಡುಗನ 2018ರ ಬೋರ್ಡ್ ಗುಜರಿಗೆ ಹೋಗ್ತಿಲ್ಲ.

ಹಾಗಾದ್ರೆ ಯಾವುದು ಹಾಕೋದು? ನನ್ನ ಉತ್ತರ, ರೈಜನ್ 5 5600. ಹಳೇ 1600ರಲ್ಲೂ 6 ಕೋರ್, 12 ಥ್ರೆಡ್. ಇದರಲ್ಲೂ ಅಷ್ಟೇ. ಹಾಗಾದ್ರೆ ಏನು ವ್ಯತ್ಯಾಸ ಅಂತೀರಾ? ಹಳೇದು ಗರಿಷ್ಠ 3.6 ಗಿಗಾಹರ್ಟ್ಸ್, ಇದು 4.4. ಅದರ ಮೇಲೆ ಪ್ರತಿ ಕೋರ್ ಒಂದೊಂದು ಸುತ್ತಲ್ಲಿ ಮಾಡೋ ಕೆಲಸವೇ ಜಾಸ್ತಿ. ಎಲ್3 ಕ್ಯಾಶ್ 16 ಎಂಬಿಯಿಂದ 32ಕ್ಕೆ ಏರಿದೆ. ಆಟಗಳಿಗೆ ಈ ಕ್ಯಾಶ್ ತುಂಬಾ ಮುಖ್ಯ. ಎರಡೂ 65 ವಾಟ್‌ನ ಚಿಪ್, ಹಾಗಾಗಿ ಎಸ್‌ಎಂಪಿಎಸ್ ಬದಲಾಯಿಸೋ ಮಾತೇ ಇಲ್ಲ. ರ‍್ಯಾಮ್ ಅದೇ, ಕ್ಯಾಬಿನೆಟ್ ಅದೇ.

ಇನ್ನೂ ಕಡಿಮೆ ಬೆಲೆಗೆ 5500 ಸಿಗುತ್ತೆ. ಅದರಲ್ಲಿ ಕ್ಯಾಶ್ 16 ಎಂಬಿ ಮಾತ್ರ. ಪಿಸಿಐ 4.0 ಇಲ್ಲ ಅಂತ ಕೆಲವರು ಹೆದರಿಸ್ತಾರೆ, ಆದ್ರೆ ಬಿ450 ಬೋರ್ಡ್‌ನಲ್ಲಿ ಕಾರ್ಡ್ ಓಡೋದೇ 3.0ರಲ್ಲಿ, ಅದಕ್ಕೆ ತಲೆ ಕೆಡಿಸ್ಕೋಬೇಡಿ. ಎರಡರ ನಡುವೆ ಒಂದೆರಡು ಸಾವಿರ ವ್ಯತ್ಯಾಸ ಇದ್ರೆ ಆಟಕ್ಕೋಸ್ಕರ 5600 ತಗೊಳ್ಳಿ. ಅದಕ್ಕಿಂತ ಜಾಸ್ತಿ ಇದ್ರೆ 5500ರಲ್ಲೇ ನಿಲ್ಲಿ. ಇನ್ನು 96 ಎಂಬಿ ಕ್ಯಾಶ್ ಇರೋ 5800ಎಕ್ಸ್3ಡಿ ರಾಜನಂಥ ಚಿಪ್, ಒಪ್ತೀನಿ. ಆದ್ರೆ ಆರ್‌ಎಕ್ಸ್ 6600 ಪಕ್ಕದಲ್ಲಿ ಅದನ್ನು ಕೂರಿಸಿದ್ರೆ ಬಹುಪಾಲು ಆಟಗಳಲ್ಲಿ ಈ ಸಲ ಕೌಂಟರ್ ಖಾಲಿ, ಭಟ್ರಿಗೆ ಸುಸ್ತು.

ಇಂಟೆಲ್ ಇರೋರಿಗೂ ಹೇಳ್ಬಿಡ್ತೀನಿ. 6 ಅಥವಾ 7ನೇ ಜನರೇಷನ್ ಇದ್ರೆ ಬೋರ್ಡ್ ನಿಮಗೆ ಜಾಸ್ತಿ ಜಾಗ ಬಿಟ್ಟಿಲ್ಲ. 8ನೇ ಜನರೇಷನ್ ಸಾಕೆಟ್‌ಗೂ 1151 ಅಂತಲೇ ಹೆಸರು, ಆದ್ರೆ ನಿಮ್ಮ ಬೋರ್ಡ್‌ನಲ್ಲಿ ಅದು ಓಡಲ್ಲ. ಐ7-7700ಕ್ಕೆ ಹೋಗಬಹುದು, ಅದೂ 4 ಕೋರ್‌ದೇ. ಅದಕ್ಕೆ ದುಡ್ಡು ಸುರಿಯೋ ಬದಲು ಕೂಡಿಡಿ. 12ನೇ ಜನರೇಷನ್ ಐ3-12100ಎಫ್ ಇದ್ರೆ ಅದೇ ಬೋರ್ಡ್‌ಗೆ ಐ5-12400ಎಫ್ ಕೂರುತ್ತೆ.

40 ಸಾವಿರದ ಲೆಕ್ಕ

ಈಗ ಅಂಗಡಿಯವರ ಮಾತಿಗೆ ಬರೋಣ. ಅವರು ಹೇಳಿದ್ದು ಸುಳ್ಳಲ್ಲ. ಹೊಸ ಎಎಂ5 ಸೆಟ್ ಖಂಡಿತ ಚೆನ್ನಾಗಿ ಓಡುತ್ತೆ. ಆದ್ರೆ ಎಎಂ5ಗೆ ಡಿಡಿಆರ್5 ರ‍್ಯಾಮೇ ಬೇಕು, ನಿಮ್ಮ ಡಿಡಿಆರ್4 ಕೂರಲ್ಲ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಹೇಗೆ ಏರಿತು ಅಂತ ಅಂಗಡಿಗೆ ಹೋಗಿ ಬಂದವರಿಗೆ ಗೊತ್ತು. ಇಂಥ ಹೊತ್ತಲ್ಲಿ ನಿಮ್ಮ ಹತ್ರ ಇರೋ 16 ಜಿಬಿ ಒಂದು ಆಸ್ತಿ. ಅದನ್ನು ಪಕ್ಕಕ್ಕಿಟ್ಟು ಹೊಸದಕ್ಕೆ ದುಡ್ಡು ಕೊಡೋದು ಯಾಕೆ?

ನೋ-ಕಾಸ್ಟ್ ಇಎಂಐ ಅನ್ನೋ ಹೆಸರಿಗೂ ಮರುಳಾಗಬೇಡಿ. ಸಾಮಾನ್ಯವಾಗಿ ಆಗೋದು ಇಷ್ಟು: ಬಡ್ಡಿಯ ಮೊತ್ತವನ್ನು ಬೆಲೆಯಲ್ಲಿ ಮೊದಲೇ ಕಡಿಮೆ ಮಾಡ್ತಾರೆ, ಬ್ಯಾಂಕ್ ಆ ಬಡ್ಡಿಯನ್ನು ಕಂತಲ್ಲಿ ಹಾಕುತ್ತೆ. ಕ್ರೆಡಿಟ್ ಕಾರ್ಡ್ ಆದ್ರೆ ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ನಿಮ್ಮ ಕಿಸೆಯಿಂದಲೇ. ಪ್ರೊಸೆಸಿಂಗ್ ಫೀ ಇದ್ರೆ ಅದೂ, ಅದರ ಮೇಲಿನ ಜಿಎಸ್‌ಟಿಯೂ. ಅದಕ್ಕಿಂತ ಮುಖ್ಯವಾದ ಮಾತು, ಮದುವೆ ಸೀಸನ್ ಇಲ್ಲದ ತಿಂಗಳು ಎಡಿಟಿಂಗ್ ದುಡ್ಡು ಬರಲ್ಲ, ಕಂತು ಮಾತ್ರ ತಪ್ಪದೇ ಬರುತ್ತೆ.

ಹಾಗಂತ 5600 ಹಾಕಿದ್ರೆ ಹತ್ತು ವರ್ಷ ಚಿಂತೆ ಇಲ್ಲ ಅಂತ ನಾನು ಹೇಳ್ತಿಲ್ಲ. ಎಎಂ4ಗೆ ಇದು ಹೆಚ್ಚುಕಮ್ಮಿ ಕೊನೇ ನಿಲ್ದಾಣ. ಮುಂದಿನ ಸಲ ಬೋರ್ಡ್, ರ‍್ಯಾಮ್ ಎಲ್ಲಾ ಬದಲಾಗಲೇಬೇಕು. ಆದ್ರೆ ಆ ಮುಂದಿನ ಸಲ ಬರೋ ಹೊತ್ತಿಗೆ ಅವನು ಕೆಲಸದಲ್ಲಿರ್ತಾನೆ, ಸಂಬಳದಲ್ಲಿ ಕೊಳ್ತಾನೆ. 12 ಸಾವಿರಕ್ಕೆ ಸಿಗ್ತಿರೋದು ಆ ಕಾಲಾವಕಾಶ.

ಇನ್ನೊಂದು ಲಾಭನೂ ಇದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಮೊದಲ ತಲೆಮಾರಿನ ರೈಜನ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಲ್ಲ. 5600 ಇದೆ. ಗಿರಾಕಿಗಳ ಮದುವೆ ವಿಡಿಯೋ ಇಟ್ಕೊಂಡಿರೋ ಪಿಸಿಗೆ ಸೆಕ್ಯೂರಿಟಿ ಅಪ್‌ಡೇಟ್ ಬರ್ತಿರಬೇಕು.

ಕೊಳ್ಳುವಾಗ, ಕೂರಿಸುವಾಗ

ಬೆಂಗಳೂರಿನ ಎಸ್‌ಪಿ ರೋಡ್ ಇರಲಿ, ಆನ್‌ಲೈನ್ ಇರಲಿ, ಮೊದಲು ಕೇಳಬೇಕಾದ್ದು ಬಾಕ್ಸ್ ಪೀಸಾ, ಟ್ರೇ ಪೀಸಾ ಅಂತ. ಬಾಕ್ಸ್ ಪೀಸ್‌ಗೆ ಕಂಪನಿಯ 3 ವರ್ಷದ ವಾರಂಟಿ, ಜೊತೆಗೆ ಕೂಲರ್. ಟ್ರೇ ಪೀಸ್ ಅಗ್ಗ, ಆದ್ರೆ ವಾರಂಟಿ ಮಾರಿದವರ ಮಾತಿನ ಮೇಲೆ. ಏನೇ ತಗೊಂಡ್ರೂ ಜಿಎಸ್‌ಟಿ ಬಿಲ್ ಬಿಡಬೇಡಿ. ಸೆಕೆಂಡ್ ಹ್ಯಾಂಡ್ ಆದ್ರೆ ಎಎಂ4 ಚಿಪ್‌ನ ಪಿನ್‌ಗಳು ಚಿಪ್‌ನ ಕೆಳಗೇ ಇರ್ತವೆ, ಮೊಬೈಲ್ ಟಾರ್ಚ್ ಹಾಕಿ ಸಾಲು ನೇರ ಇದೆಯಾ ನೋಡಿ, ಎದುರಿಗೇ ಆನ್ ಮಾಡಿಸಿ. ಹಳೇ 1600 ಮಾರಿ, ಬಂದಷ್ಟು ಬರಲಿ.

ಕೂರಿಸೋ ಕ್ರಮ ಹೀಗೆ.

ಒಂದು: ಬೋರ್ಡ್ ಕಂಪನಿಯ ಸೈಟ್‌ನಲ್ಲಿ ನಿಮ್ಮ ಮಾಡೆಲ್‌ನ ಸಿಪಿಯು ಸಪೋರ್ಟ್ ಪಟ್ಟಿ ತೆಗೀರಿ. 5600 ಯಾವ ಬಯಾಸ್ ಆವೃತ್ತಿಯಿಂದ ಓಡುತ್ತೆ ಅಂತ ಬರೆದಿರುತ್ತೆ. ಇದನ್ನು ದುಡ್ಡು ಕೊಡೋ ಮುಂಚೆಯೇ ನೋಡಿ.

ಎರಡು: ಹಳೇ ಚಿಪ್ ಇರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿ. ಹೊಸ ಚಿಪ್ ಹಾಕಿದ ಮೇಲೆ ಹಳೇ ಬಯಾಸ್‌ನಲ್ಲಿ ಪಿಸಿ ಆನ್ ಆಗಲ್ಲ. ಅಪ್‌ಡೇಟ್ ನಡುವೆ ಕರೆಂಟ್ ಹೋದ್ರೆ ಬೋರ್ಡೇ ಸಾಯಬಹುದು, ಅದಕ್ಕೆ ಯುಪಿಎಸ್ ಇರೋ ಕಡೆ ಮಾಡಿ. ಮಳೆಗಾಲದ ಸಂಜೆ ಅಂತೂ ಕೈ ಹಾಕಬೇಡಿ.

ಮೂರು: ಬಿಟ್‌ಲಾಕರ್ ಆನ್ ಇದ್ರೆ ರಿಕವರಿ ಕೀ ಬರೆದಿಟ್ಕೊಳ್ಳಿ, ಫೈಲ್‌ಗಳನ್ನು ಬ್ಯಾಕಪ್ ಮಾಡಿ. ಚಿಪ್ ಬದಲಾದ್ರೆ ಅದರೊಳಗಿನ ಟಿಪಿಎಂ ಕೂಡ ಬದಲಾಗುತ್ತೆ. ಕೀ ಇಲ್ಲಾಂದ್ರೆ ನಿಮ್ಮ ಡಿಸ್ಕ್‌ಗೆ ನೀವೇ ಹೊರಗಿನವರು.

ನಾಲ್ಕು: ಹಳೇ ಕೂಲರ್ ತೆಗೆಯೋ ಮುಂಚೆ ಹತ್ತು ನಿಮಿಷ ಗೇಮ್ ಓಡಿಸಿ ಬಿಸಿ ಮಾಡಿ. ಆಮೇಲೆ ಪೂರ್ತಿ ಆಫ್ ಮಾಡಿ, ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿ, ಕೂಲರ್ ಅನ್ನು ನಿಧಾನಕ್ಕೆ ಎಡಕ್ಕೆ ಬಲಕ್ಕೆ ತಿರುಗಿಸಿ ಎತ್ತಿ. ಒಣಗಿದ ಪೇಸ್ಟ್ ಅಂಟಿನಂತೆ ಹಿಡಿದಿರುತ್ತೆ. ನೇರ ಎಳೆದ್ರೆ ಚಿಪ್ ಕೂಡ ಕಿತ್ತು ಬಂದು ಪಿನ್ ಬಾಗುತ್ತೆ.

ಐದು: ಚಿಪ್ ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಹೊಂದಿಸಿ. ಅದರಷ್ಟಕ್ಕೇ ಕೂರಬೇಕು, ಒತ್ತಬೇಡಿ. ಹೊಸ ಕೂಲರ್‌ನ ತಳದಲ್ಲಿ ಪೇಸ್ಟ್ ಇರುತ್ತೆ. ಹಳೇ ಕೂಲರ್ ಹಾಕ್ತೀರಾದ್ರೆ ಒರೆಸಿ ಹೊಸ ಪೇಸ್ಟ್ ಹಚ್ಚಿ.

ಆನ್ ಆದ ಮೇಲೆ ಎಕ್ಸ್‌ಎಂಪಿ ಮತ್ತೆ ಆನ್ ಮಾಡಿ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡೋರು ಟಿಪಿಎಂ, ಸೆಕ್ಯೂರ್ ಬೂಟ್ ಎರಡೂ ಆನ್ ಇರೋ ಹಾಗೆ ನೋಡ್ಕೊಳ್ಳಿ. ಮೊದಲು ಮಾಡಿದ ಪರೀಕ್ಷೆಯನ್ನೇ ಮತ್ತೆ ಮಾಡಿ. ಈಗ ಕಾರ್ಡ್ 95ರ ಮೇಲೆ ಓಡ್ತಿದ್ರೆ ನಿಮ್ಮ ದುಡ್ಡು ಸರಿಯಾದ ಕಡೆ ಹೋಗಿದೆ.

ನಿಮ್ಮ ಪಿಸಿ ಬೇರೆ ಇದ್ರೆ ಮೂರು ವಿಷಯ ಬರೆದು ಕಳಿಸಿ: ಬೋರ್ಡ್ ಮಾಡೆಲ್, ಗ್ರಾಫಿಕ್ಸ್ ಕಾರ್ಡ್, ಆಡುವಾಗಿನ ಜಿಪಿಯು ಪರ್ಸೆಂಟ್. ಬಜೆಟ್ ಎಷ್ಟಿದ್ರೂ ನಾಚಿಕೆ ಬೇಡ. ಮೂರು ಸಾವಿರ ಅಂದ್ರೂ ಕೂತು ಲೆಕ್ಕ ಹಾಕೋಣ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ನಮಸ್ಕಾರ.