ವಜ್ರಾನ್ವೇಷಣೆಯ ಷೇರುಗಳು

1991ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ಕೆನಡಾ ದೇಶದ ಒಂದು ಸಣ್ಣ ಕಂಪನಿಯೂ ಅದರೊಡನೆ ಪಾಲುಗೂಡಿದ್ದ ಒಂದು ದೊಡ್ಡ ಕಂಪನಿಯೂ ಸೇರಿ ಒಂದು ಪ್ರಕಟಣೆಯನ್ನು ಹೊರಡಿಸಿದುವು. ದೇಶದ ಉತ್ತರದ ಹಿಮಸೀಮೆಯಲ್ಲಿ, ಲಾಕ್ ದ ಗ್ರಾ ಎಂಬ ಸರೋವರದ ಸಮೀಪದಲ್ಲಿ ನೆಲವನ್ನು ಕೊರೆದು ತೆಗೆದ 59 ಕಿಲೋಗ್ರಾಂ ಕಲ್ಲಿನಲ್ಲಿ 81 ವಜ್ರಗಳು ದೊರೆತಿವೆ ಎಂಬುದೇ ಅದರ ಸಾರ. ಎಂಬತ್ತೊಂದು ವಜ್ರಗಳೆಂದೊಡನೆ ನಮ್ಮ ಕಣ್ಣ ಮುಂದೆ ಒಂದು ಬೊಗಸೆ ಬೆಳಕು ಸುಳಿಯುವುದು ಸಹಜ. ಆದರೆ ಅವುಗಳಲ್ಲಿ ಒಂದಾದರೂ ಎರಡು ಮಿಲಿಮೀಟರಿನಷ್ಟು ಅಗಲವಾಗಿರಲಿಲ್ಲ. ಎಲ್ಲವನ್ನೂ ಒಟ್ಟುಗೂಡಿಸಿದರೂ ಚಮಚದ ತಳ ಮುಚ್ಚುತ್ತಿತ್ತೋ ಇಲ್ಲವೋ ಸಂದೇಹ. ಇಷ್ಟರಿಂದಲೇ, ಹಿಂದಿನ ಶತಮಾನದ ಕೊನೆಯಲ್ಲಿ ಕ್ಲಾಂಡೈಕಿನ ಚಿನ್ನಕ್ಕಾಗಿ ಜನ ನುಗ್ಗಿದ ಮೇಲೆ ಆ ದೇಶ ಕಾಣದಿದ್ದಂಥ ನುಗ್ಗಾಟವೊಂದು ಪ್ರಾರಂಭವಾಯಿತು. ಆಗ ಸೈಬೀರಿಯಾದಂಥ ಚಳಿಯಲ್ಲಿ ಗುದ್ದಲಿ ಹಿಡಿದು ನಡೆದವರು ಬಹುಮಂದಿ. ಈ ಸಲ ಹೆಚ್ಚಿನವರು ಮನೆಯಲ್ಲಿಯೇ ಕುಳಿತು ದಲ್ಲಾಳಿಗೆ ಟೆಲಿಫೋನು ಮಾಡಿದರು. ಇವರ ವಿಷಯವನ್ನೇ ಈ ದಿನ ಹೇಳಬೇಕೆಂದಿದ್ದೇನೆ.

ಆ ಸಣ್ಣ ಕಂಪನಿಯ ಹೆಸರು ಡಯಾ ಮೆಟ್. ಅದನ್ನು ನಡೆಸುತ್ತಿದ್ದವನು ಚಕ್ ಫಿಪ್ಕಿ ಎಂಬ ಭೂವಿಜ್ಞಾನಿ. ಅವನೂ ಅವನ ಜೊತೆಗಾರ ಸ್ಟೂವರ್ಟ್ ಬ್ಲೂಸನ್ನನೂ ವಜ್ರವನ್ನು ಹುಡುಕಿದ ಬಗೆ ಒಂದು ಪತ್ತೇದಾರಿ ಕಥೆಗೆ ಕಡಿಮೆಯದಲ್ಲ. ವಜ್ರವು ಭೂಗರ್ಭದ ಬಹು ಆಳದಿಂದ ಕಿಂಬರ್ಲೈಟ್ ಎಂಬ ಶಿಲೆಯ ಮೂಲಕ ಮೇಲಕ್ಕೆ ಬರುತ್ತದೆ. ಆ ಶಿಲೆಯು ಕ್ಯಾರೆಟ್ ಗೆಡ್ಡೆಯಂತೆ ಕೆಳಗೆ ಕಿರಿದಾಗುತ್ತ ಹೋಗುವ ನಾಳಗಳಲ್ಲಿ ತುಂಬಿರುತ್ತದೆ. ಅದರಲ್ಲಿ ವಜ್ರಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ಕೆಂಪು ಗಾರ್ನೆಟ್ಟುಗಳೂ ಹಸುರು ಹರಳುಗಳೂ ಇರುತ್ತವೆ. ಪುರಾತನ ಕಾಲದ ಹಿಮನದಿಗಳು ನಾಳಗಳ ತಲೆಯನ್ನು ಸವೆಯಿಸಿ ಈ ಹರಳುಗಳನ್ನು ನೂರಾರು ಮೈಲಿ ಪಶ್ಚಿಮಕ್ಕೆ ಚೆಲ್ಲಿದ್ದುವು. ಫಿಪ್ಕಿ ಮೆಕೆಂಜಿ ನದಿಯ ಕಡೆಯಿಂದ ಮರಳನ್ನು ಜಾಲಿಸುತ್ತ, ಹರಳುಗಳ ಜಾಡನ್ನು ಹಿಡಿದು, ಸುಮಾರು ಹತ್ತು ವರ್ಷಗಳ ಕಾಲ ಮೂಡಲಿಗೆ ನಡೆದನು. ಹಣವಿಲ್ಲದ ಕಾಲದಲ್ಲಿ ಷೇರು ಮಾರಿ ಮುಂದುವರಿದನು. ಒಂದು ಡಾಲರಿಗೂ ಕಡಿಮೆಗೆ ಸಿಕ್ಕುತ್ತಿದ್ದ ಆ ಷೇರು, ಪ್ರಕಟಣೆಯಾದ ಮುಂದಿನ ಒಂದೆರಡು ವರ್ಷಗಳಲ್ಲಿ ಹತ್ತಾರು ಡಾಲರುಗಳಿಗೆ ಏರಿತು. ಅವನ ಊರಾದ ಕೆಲೋನಾದಲ್ಲಿ ಅಗ್ಗದ ದಿನಗಳಲ್ಲಿ ಷೇರು ಕೊಂಡು ಮರೆತಿದ್ದ ಸಾಮಾನ್ಯ ಜನರು ಧನಿಕರಾದರು. ಇದು ಸತ್ಯ. ಇದು ಸುಳ್ಳಾಗಿದ್ದಿದ್ದರೆ ನಾನು ಹೇಳಬೇಕಾದ ಮಾತು ಬಹಳ ಸುಲಭವಾಗುತ್ತಿತ್ತು.

ಬಟ್ಟೆಯ ಗಿರಣಿಯ ಷೇರನ್ನು ಕೊಳ್ಳುವವನು ಯಂತ್ರ, ಕಟ್ಟಡ, ನೂಲು, ಗಿರಾಕಿ ಇವುಗಳಲ್ಲಿ ಒಂದು ಪಾಲನ್ನು ಕೊಳ್ಳುತ್ತಾನೆ. ವರ್ಷಾಂತ್ಯದ ಲೆಕ್ಕಪತ್ರವನ್ನು ನೋಡಿ ಬೆಲೆ ಹೆಚ್ಚೋ ಕಡಿಮೆಯೋ ಎಂದು ಊಹಿಸಬಹುದು. ಅನ್ವೇಷಣೆಯ ಕಂಪನಿಗೆ ಇವೊಂದೂ ಇಲ್ಲ. ಸರ್ಕಾರದಿಂದ ಪಡೆದ ಒಂದಿಷ್ಟು ನೆಲದ ಹಕ್ಕು, ಬ್ಯಾಂಕಿನಲ್ಲಿ ಒಂದು ವರ್ಷಕ್ಕೋ ಎರಡು ವರ್ಷಕ್ಕೋ ಸಾಲುವ ಹಣ, ಇಬ್ಬರು ಮೂವರು ಭೂವಿಜ್ಞಾನಿಗಳು, ಇಷ್ಟೇ ಅದರ ಆಸ್ತಿ. ವರಮಾನವೆಂಬುದು ಇಲ್ಲವೇ ಇಲ್ಲ. ಕೈಯಲ್ಲಿದ್ದುದು ಮುಗಿದಾಗ ಹೊಸ ಷೇರುಗಳನ್ನು ಅಚ್ಚುಹಾಕಿ ಮಾರಬೇಕು. ಒಂದು ಕೋಟಿ ಷೇರುಗಳಿದ್ದ ಕಂಪನಿ ಇನ್ನೊಂದು ಕೋಟಿಯನ್ನು ಹೊರಡಿಸಿದರೆ, ಹಳೆಯ ಪಾಲುಗಾರನ ಕೈಯಲ್ಲಿರುವ ಕಾಗದದ ಸಂಖ್ಯೆ ಬದಲಾಗದೆಯೇ ಅವನ ಪಾಲು ಅರ್ಧಕ್ಕೆ ಇಳಿಯುತ್ತದೆ. ಗಣಿಯಾಗುವ ಹೊತ್ತಿಗೆ ಹೀಗೆ ನಾಲ್ಕಾರು ಸಲ ನಡೆದಿರುತ್ತದೆ. ವಜ್ರ ನಿಜವಾಗಿ ದೊರೆತರೂ ಸಣ್ಣ ಪಾಲುಗಾರನ ತಟ್ಟೆಗೆ ಬರುವುದು ತೆಳು ಮಜ್ಜಿಗೆ.

ವಜ್ರದಲ್ಲಿ ಇನ್ನೊಂದು ತೊಡಕು ಉಂಟು. ಒಂದು ಕ್ಯಾರೆಟ್ ಎಂದರೆ ಒಂದು ಗ್ರಾಮಿನ ಐದನೆಯ ಒಂದು ಭಾಗ. ಟನ್ ಕಲ್ಲಿಗೆ ಒಂದು ಕ್ಯಾರೆಟ್ ಇರುವ ನಾಳವನ್ನು ಒಳ್ಳೆಯದೆಂದೇ ಗಣಿಸುತ್ತಾರೆ. ಅದು ಐವತ್ತು ಲಕ್ಷದಲ್ಲಿ ಒಂದು ಪಾಲು! ಆದುದರಿಂದ ಮೊದಲ ಕೊರೆತದಲ್ಲಿ ಬರುವ ಕೆಲವು ಕಿಲೋ ಕಲ್ಲಿನಿಂದ ತಿಳಿಯುವುದು ತೀರ ಸ್ವಲ್ಪ. ಅದರಲ್ಲಿ ಸಿಕ್ಕುವ ಸೂಕ್ಷ್ಮ ವಜ್ರಗಳನ್ನು ಎಣಿಸಿ, ದೊಡ್ಡವು ಎಷ್ಟಿರಬಹುದೆಂದು ಅಂದಾಜು ಮಾಡುತ್ತಾರೆ. ಆಮೇಲೆ ಸಾವಿರಾರು ಟನ್ ಕಲ್ಲನ್ನು ಅಗೆದು, ಒಡೆದು ನೋಡಬೇಕು. ದೊರೆತುವುಗಳಲ್ಲಿ ಆಭರಣಕ್ಕೆ ಬರುವುವೆಷ್ಟು, ಕಲ್ಲು ಕೊರೆಯುವುದಕ್ಕೆ ಮಾತ್ರ ಸಲ್ಲುವುವೆಷ್ಟು ಎಂದು ಬೆಲೆ ಕಟ್ಟಿಸಬೇಕು. ಚಿನ್ನವಾದರೆ ಎಲ್ಲಿ ತೆಗೆದರೂ ಚಿನ್ನವೇ. ವಜ್ರದಲ್ಲಿ ಒಂದು ನಾಳದ ಕ್ಯಾರೆಟ್ಟಿಗೆ ಹತ್ತು ಡಾಲರ್ ಬಂದರೆ ಮತ್ತೊಂದರದಕ್ಕೆ ನೂರು ಬಂದೀತು. ಲೋಕದಲ್ಲಿ ಇದುವರೆಗೆ ಕಂಡುಹಿಡಿದಿರುವ ಕಿಂಬರ್ಲೈಟುಗಳಲ್ಲಿ ಗಣಿಯಾಗುವ ಯೋಗ್ಯತೆ ಪಡೆದುವು ನೂರಕ್ಕೆ ಒಂದೆರಡು.

ಈಗ ನೋಡಿ. ಮೊದಲ ಸುದ್ದಿಗೂ ಕಡೆಯ ನಿರ್ಣಯಕ್ಕೂ ನಡುವೆ ಏಳೆಂಟು ವರ್ಷಗಳು. ಷೇರುಪೇಟೆ ಅಷ್ಟು ವರ್ಷ ಸುಮ್ಮನಿರಬಲ್ಲದೆ? ಪ್ರತಿಯೊಂದು ಮೆಟ್ಟಿಲಿಗೂ ಒಂದು ಪ್ರಕಟಣೆ, ಪ್ರತಿಯೊಂದು ಪ್ರಕಟಣೆಗೂ ಒಂದು ಏರಿಳಿತ. ಲಾಕ್ ದ ಗ್ರಾದ ಸುತ್ತ ಕೋಟಿಗಟ್ಟಲೆ ಎಕರೆ ನೆಲಕ್ಕೆ ಗೂಟ ಹೊಡೆದ ನೂರಾರು ಕಂಪನಿಗಳು ವ್ಯಾಂಕೂವರಿನ ಷೇರುಪೇಟೆಯಲ್ಲಿ ಸಾಲುನಿಂತುವು. ಎಷ್ಟೋ ಕಂಪನಿಗಳು ಒಂದು ಅಡಿಯನ್ನೂ ಕೊರೆದಿರಲಿಲ್ಲ. ಪಕ್ಕದ ನೆಲದಲ್ಲಿ ವಜ್ರ ಸಿಕ್ಕಿತು ಎಂಬುದೇ ಅವುಗಳ ಬಂಡವಾಳ. ನೆರೆಮನೆಯಲ್ಲಿ ಮದುವೆಯಾದರೆ ನಮ್ಮ ಮನೆಯಲ್ಲಿ ಊಟಕ್ಕೆ ಎಲೆ ಹಾಕಿ ಕುಳಿತಂತೆ!

1994ನೆಯ ಆಗಸ್ಟಿನಲ್ಲಿ ಇದರ ಲೆಕ್ಕ ತೀರಿತು. ಅದೇ ಸೀಮೆಯ ಟ್ಲಿ ಕ್ವಿ ಚೋ ಎಂಬ ನಾಳವನ್ನು ಕೆನ್ನೆಕಾಟ್ ಎಂಬ ದೊಡ್ಡ ಕಂಪನಿ, ಕೆಲವು ಸಣ್ಣ ಕಂಪನಿಗಳ ಪಾಲುಗಾರಿಕೆಯಲ್ಲಿ ಪರೀಕ್ಷಿಸುತ್ತಿದ್ದಿತು. ಸೂಕ್ಷ್ಮ ವಜ್ರಗಳ ಎಣಿಕೆ ಆಶಾದಾಯಕವಾಗಿತ್ತು. ಮುಂದಿನ ಗಣಿ ಇದೇ ಎಂದು ಪೇಟೆಯೆಲ್ಲ ನಂಬಿತ್ತು. ಸುರಂಗ ತೋಡಿ ತೆಗೆದ ರಾಶಿಕಲ್ಲಿನ ಫಲಿತಾಂಶ ಹೊರಬಿದ್ದಾಗ ವಜ್ರವೇನೋ ಇತ್ತು, ಆದರೆ ನಿರೀಕ್ಷಿಸಿದುದಕ್ಕಿಂತ ಬಹಳ ಕಡಿಮೆ. ಪಾಲುಗಾರ ಕಂಪನಿಗಳ ಷೇರುಗಳು ಕುಸಿದುಬಿದ್ದುವು. ಅವುಗಳೊಡನೆ, ಆ ನಾಳಕ್ಕೆ ಯಾವ ಸಂಬಂಧವೂ ಇಲ್ಲದ ಇತರ ವಜ್ರದ ಷೇರುಗಳೂ ಇಳಿದುವು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಯಾರೂ ಮೋಸಮಾಡಿರಲಿಲ್ಲ. 1997ರಲ್ಲಿ ಬ್ರೀ-ಎಕ್ಸ್ ಎಂಬ ಕಂಪನಿಯು ಇಂಡೋನೇಷ್ಯದಲ್ಲಿ ಕಂಡೆನೆಂದ ಚಿನ್ನವು, ಮಾದರಿಗಳಿಗೆ ಹೊರಗಿನಿಂದ ಬೆರೆಸಿದುದೆಂದು ಬಯಲಾಯಿತು. ಆ ವಂಚನೆಯ ಫಲವಾಗಿ, ಯೋಗ್ಯತಾಪತ್ರವುಳ್ಳ ತಜ್ಞನೊಬ್ಬನು ವರದಿಗೆ ಹೊಣೆಯಾಗಬೇಕೆಂದು 2001ರಲ್ಲಿ ಕೆನಡಾದಲ್ಲಿ ನಿಯಮವಾಯಿತು. ಒಳ್ಳೆಯ ನಿಯಮವೇ. ಆದರೆ ಟ್ಲಿ ಕ್ವಿ ಚೋದಲ್ಲಿ ಹಣ ಕಳೆದುಕೊಂಡವರನ್ನು ಅದು ಕಾಪಾಡುತ್ತಿರಲಿಲ್ಲ. ಅವರು ಓದಿದ ಪ್ರಕಟಣೆಗಳು ನಿಜವಾದುವೇ. ಸೂಕ್ಷ್ಮ ವಜ್ರಗಳ ಎಣಿಕೆಯನ್ನು ಅವರು ಗಣಿಯೆಂದು ಓದಿಕೊಂಡರು, ಅಷ್ಟೆ.

ಹಾಗಾದರೆ ಇಂಥ ಷೇರನ್ನು ಯಾರೂ ಕೊಳ್ಳಕೂಡದೆ? ಇಲ್ಲಿ ನನ್ನ ಮನಸ್ಸು ತುಸು ತಡೆಯುತ್ತದೆ. ಬ್ಯಾಂಕು ಫಿಪ್ಕಿಗೆ ಸಾಲ ಕೊಡುತ್ತಿರಲಿಲ್ಲ. ದೊಡ್ಡ ಕಂಪನಿ ಬಂದುದು 1990ರಲ್ಲಿ, ಜಾಡು ಸ್ಪಷ್ಟವಾದ ಮೇಲೆ. ನಡುವಣ ಬರಗಾಲದಲ್ಲಿ ಅವನನ್ನು ಸಾಕಿದವರು ಸಣ್ಣ ಜನರೇ. 1998ರಲ್ಲಿ ಎಕಾಟಿ ಗಣಿಯೂ 2003ರಲ್ಲಿ ಡಯಾವಿಕ್ ಗಣಿಯೂ ಪ್ರಾರಂಭವಾಗಿ, ವಜ್ರವೇ ಇಲ್ಲವೆನ್ನಿಸಿಕೊಂಡಿದ್ದ ಕೆನಡಾ, ಬೆಲೆಯ ಲೆಕ್ಕದಲ್ಲಿ ಲೋಕದ ಮೂರನೆಯ ವಜ್ರೋತ್ಪಾದಕ ದೇಶವಾಯಿತು. ಅಂದರೆ, ನೂರು ಕಂಪನಿಗಳಲ್ಲಿ ಹಣ ಕಳೆದುಕೊಂಡವರ ಹಣದಿಂದಲೇ ಒಂದೆರಡು ಗಣಿಗಳು ಎದ್ದುವು. ದೇಶಕ್ಕೆ ಇದು ಲಾಭದ ವ್ಯಾಪಾರ. ತೊಂಬತ್ತೆಂಟು ಕಂಪನಿಗಳ ಪಾಲುಗಾರರಿಗೆ ಅಲ್ಲ. ಅವರನ್ನು ಮೂರ್ಖರೆಂದು ನಗುವುದು ನನಗೆ ಸರಿತೋರುವುದಿಲ್ಲ.

ನಮ್ಮ ಸೀಮೆಗೂ ಈ ಅನುಭವ ಹೊಸದಲ್ಲ. 1880ರ ಸುಮಾರಿನಲ್ಲಿ ವಯನಾಡಿನ ಚಿನ್ನದ ಹೆಸರಿನಲ್ಲಿ ಲಂಡನ್ನಿನಲ್ಲಿ ಕಂಪನಿಗಳು ನಾಯಿಕೊಡೆಗಳಂತೆ ಎದ್ದು, ಕೆಲವೇ ವರ್ಷಗಳಲ್ಲಿ ಮುಳುಗಿದುವು. ಅದೇ ಅಲೆಯಲ್ಲಿ ಹುಟ್ಟಿದುದು ಕೋಲಾರದ ಮೈಸೂರು ಚಿನ್ನದ ಗಣಿ ಕಂಪನಿ. ಅದರ ಬಂಡವಾಳವೂ ಬಹುಮಟ್ಟಿಗೆ ಕರಗಿ, ಷೇರುಗಳು ಪೆನ್ನಿಗಳ ಲೆಕ್ಕದಲ್ಲಿ ಮಾರುತ್ತಿದ್ದುವು. ಮುಚ್ಚಿಬಿಡೋಣವೆಂದವರ ಮಾತನ್ನು ಮೀರಿ, ಜಾನ್ ಟೇಲರ್ ಮತ್ತು ಮಕ್ಕಳ ಸಲಹೆಯಂತೆ ಉಳಿದ ಹಣದಲ್ಲಿ ಕ್ಯಾಪ್ಟನ್ ಪ್ಲಮ್ಮರನನ್ನು ಕಳುಹಿಸಲಾಯಿತು. ನಮ್ಮ ಪೂರ್ವಿಕರು ಅಗೆದು ಬಿಟ್ಟಿದ್ದ ಹಳ್ಳಗಳ ಕೆಳಗೆ ಅವನು ಚಾಂಪಿಯನ್ ಪದರವನ್ನು ಕಂಡನು. ಈ ಕಥೆಯನ್ನು ಕೇಳಿದವರು ‘ಬಿಡದೆ ಹಿಡಿದವನೇ ಗೆದ್ದ’ ಎನ್ನುತ್ತಾರೆ. ವಯನಾಡಿನಲ್ಲಿಯೂ ಬಿಡದೆ ಹಿಡಿದವರಿದ್ದರು. ಅವರ ಕಥೆಯನ್ನು ಹೇಳುವವರಿಲ್ಲ.

ಇಂಥ ಷೇರನ್ನು ಕೊಳ್ಳಲೇಬೇಕೆನ್ನುವ ಮಿತ್ರರಿಗೆ ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ಕಂಪನಿ ಯಾವ ಮೆಟ್ಟಿಲಿನಲ್ಲಿದೆ: ಹರಳಿನ ಜಾಡಿನಲ್ಲೋ, ಕೊರೆತದಲ್ಲೋ, ರಾಶಿಕಲ್ಲಿನಲ್ಲೋ? ಮುಂದಿನ ಮೆಟ್ಟಿಲಿಗೆ ಬೇಕಾದ ಹಣ ಈಗಲೇ ಕೈಯಲ್ಲಿದೆಯೋ, ಹೊಸ ಷೇರು ಮಾರಿ ತರಬೇಕೋ? ಉತ್ತರ ಹೇಳಬಲ್ಲವರಿಗೆ ನನ್ನ ಉಪದೇಶ ಬೇಕಿಲ್ಲ. ಹೇಳಲಾರದವರಲ್ಲಿ ಹೆಚ್ಚಿನವರು ‘ಡಯಾ ಮೆಟ್ಟನ್ನು ನೋಡಿ’ ಎನ್ನುತ್ತಾರೆ.

ನೋಡೋಣ. ಆ 81 ವಜ್ರಗಳನ್ನು ಕೊಟ್ಟ ನಾಳದ ಹೆಸರು ಪಾಯಿಂಟ್ ಲೇಕ್. ಮುಂದಿನ ಪರೀಕ್ಷೆಗಳಲ್ಲಿ ಅದು ಅಗೆಯುವ ಖರ್ಚಿಗೆ ತಕ್ಕುದಲ್ಲವೆಂದು ತೀರ್ಮಾನವಾಯಿತು. ಎಕಾಟಿಯನ್ನು ಮೊದಲು ತೋಡಿದುದು ಪಾಂಡಾ ಎಂಬ ಬೇರೆಯ ನಾಳದಲ್ಲಿ. 1991ರ ನವೆಂಬರಿನಲ್ಲಿ ಪಾಯಿಂಟ್ ಲೇಕಿನ ಸುದ್ದಿಯನ್ನು ಓದಿ ಷೇರು ಕೊಂಡವರಿಗೆ ಆಗ ಆ ಹೆಸರೇ ಗೊತ್ತಿರಲಿಲ್ಲ.