ಇಲಿ ಹೇಳಲಾರದ ಅಡ್ಡಪರಿಣಾಮ



ಮಿದುಳಿನ ಮೇಲೆ ಕೆಲಸ ಮಾಡುವ ಹೊಸ ಔಷಧ ಮನುಷ್ಯರನ್ನು ಮುಟ್ಟುವ ಮೊದಲು ಪ್ರಾಣಿಗಳಲ್ಲಿ ಅದರ ಅಡ್ಡಪರಿಣಾಮ ಪರೀಕ್ಷಿಸುವುದು ನನ್ನ ಕೆಲಸ. 2000ದ ಐಸಿಎಚ್ ಎಸ್‌7ಎ ಮಾರ್ಗಸೂಚಿಯಂತೆ ಇಲಿಯ ಓಡಾಟ, ವರ್ತನೆ, ಸಮತೋಲನ, ಸಂವೇದನೆ, ಮೈಬಿಸಿ ಇಷ್ಟನ್ನೂ ನೋಡಲೇಬೇಕು. ತೂಕಡಿಸಿತೇ, ತೂರಾಡಿತೇ ಎಂದು ಗುರುತು ಹಾಕಿಕೊಳ್ಳುತ್ತೇವೆ. ಆತಂಕ ಅಳೆಯಲು ಬೇರೆ ಪರೀಕ್ಷೆಯಿದೆ. ಎತ್ತರದಲ್ಲಿಟ್ಟ ನಾಲ್ಕು ಹಾದಿಗಳು. ಎರಡಕ್ಕೆ ಗೋಡೆಯಿದೆ, ಎರಡಕ್ಕಿಲ್ಲ. ಹೆದರಿದ ಇಲಿ ಗೋಡೆಯ ಮರೆಯಲ್ಲೇ ಉಳಿಯುತ್ತದೆ.

ಇವೆಲ್ಲ ಬೇಕು. ಆದರೆ ಇಷ್ಟೇ ಸಾಕೇ? ರಿಮೊನಬಾಂಟ್ ಎಂಬ ಔಷಧದ ಕಥೆ ಹೇಳುತ್ತೇನೆ.

ಗಾಂಜಾ ಸೇದಿದರೆ ಹಸಿವು ಹೆಚ್ಚುತ್ತದೆ. ಅದು ಮಿದುಳಿನ ಸಿಬಿ1 ರಿಸೆಪ್ಟರಿನ ಮೂಲಕ ಆಗುವ ಕೆಲಸ. ಆ ರಿಸೆಪ್ಟರನ್ನೇ ತಡೆದರೆ ಹಸಿವು ಇಳಿಯಬೇಕಲ್ಲವೇ? ಇಳಿಯಿತು, ತೂಕವೂ ಇಳಿಯಿತು. 2006ರಲ್ಲಿ ಯುರೋಪು ಅನುಮತಿ ಕೊಟ್ಟಿತು. 2007ರ ಜೂನಿನಲ್ಲಿ ಅಮೆರಿಕದ ಎಫ್‌ಡಿಎ ಸಲಹಾ ಸಮಿತಿ 14–0 ಮತಗಳಿಂದ ಬೇಡವೆಂದಿತು. 2008ರ ಅಕ್ಟೋಬರಿನಲ್ಲಿ ಯುರೋಪಿನ ಔಷಧ ಸಂಸ್ಥೆಯೂ ಮಾರಾಟ ನಿಲ್ಲಿಸಲು ಹೇಳಿತು. ಔಷಧವಿಲ್ಲದ ಮಾತ್ರೆ ಪಡೆದವರಿಗೆ ಹೋಲಿಸಿದರೆ, ಇದನ್ನು ನುಂಗಿದವರಲ್ಲಿ ಮಾನಸಿಕ ತೊಂದರೆಯ ಅಪಾಯ ಸುಮಾರು ಎರಡು ಪಟ್ಟು ಇತ್ತು. 2009ರಲ್ಲಿ ಭಾರತವೂ ಅದನ್ನು ನಿಷೇಧಿಸಿತು.

ಇಲಿಗಳು ಏನು ಹೇಳಿದ್ದವು? ಕೆಲವು ಪ್ರಯೋಗಗಳಲ್ಲಿ ಆತಂಕ ಹೆಚ್ಚಿತ್ತು, ಕೆಲವುಗಳಲ್ಲಿ ಕಡಿಮೆಯಾಗಿತ್ತು. ನೀರಿನಲ್ಲಿ ಈಜಿಸುವ ಪರೀಕ್ಷೆಯಲ್ಲಿ ಅದು ಖಿನ್ನತೆ ಕಳೆಯುವ ಔಷಧದಂತೆ ಕಂಡದ್ದೂ ಉಂಟು! ಇಲಿ ಹೆಚ್ಚು ಹೊತ್ತು ಕೈಕಾಲು ಬಡಿದರೆ ಖಿನ್ನತೆ ಕಡಿಮೆ ಎಂದು ಓದುವವರು ನಾವು. ಇಲಿ ಹಾಗೆ ಹೇಳಿಲ್ಲ.

ಸಿಬಿ1 ಹಸಿವಿನ ಕೇಂದ್ರದಲ್ಲಿ ಮಾತ್ರ ಇಲ್ಲ. ಭಯ, ನೆನಪು, ಸಂತೋಷಗಳನ್ನು ನಡೆಸುವ ಭಾಗಗಳಲ್ಲೂ ಇದೆ. ಆದ್ದರಿಂದ ಪ್ರಾಣಿಗಳ ಅಂಕಿಗಳು ಚೆನ್ನಾಗಿ ಬಂದರೂ, ಈ ರಿಸೆಪ್ಟರ್ ಇನ್ನೆಲ್ಲೆಲ್ಲಿ ದುಡಿಯುತ್ತಿದೆ ಎಂದು ಕೇಳಲೇಬೇಕು. ಮನುಷ್ಯರ ಪ್ರಯೋಗದಲ್ಲಿ ‘ಮನಸ್ಸು ಹೇಗಿದೆ?’ ಎಂದು ಮೊದಲ ದಿನದಿಂದಲೇ ವಿಚಾರಿಸಬೇಕು.

ನಿಮ್ಮಲ್ಲಿ ಒಂದು ಬಿನ್ನಹ. ಇಲ್ಲಿ ಜರ್ಮನಿಯಲ್ಲಿ ಡಿಸೆಂಬರ್ ಬಂತೆಂದರೆ ನಾಲ್ಕೂವರೆಗೇ ಕತ್ತಲು. ಮನಸ್ಸು ಮಂಕಾದರೆ ಚಳಿಗಾಲ ಎನ್ನುತ್ತೇವೆ, ಊರಿನ ನೆನಪು ಎನ್ನುತ್ತೇವೆ. ಇರಬಹುದು. ಆದರೂ ಹೊಸ ಮಾತ್ರೆ ಶುರುಮಾಡಿದ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ನಿದ್ದೆ, ಸಿಟ್ಟು, ಉತ್ಸಾಹ ಬದಲಾದರೆ ನಾಚಿಕೆಪಡದೆ ಡಾಕ್ಟರಿಗೆ ತಿಳಿಸಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ನಮ್ಮ ಪ್ರಯೋಗಾಲಯಕ್ಕೆ ಕಾಣದ್ದು ಎಷ್ಟೋ ಸಲ ಗೊತ್ತಾಗುವುದು ಹೀಗೆ ಬಾಯಿಬಿಟ್ಟು ಹೇಳಿದವರಿಂದಲೇ.