ಗಿಡ್ಡ ಆಂಟೆನಾ ಮತ್ತು ತಾಮ್ರದ ಸುರುಳಿ

(ಸಂಸ್ಥೆಯ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣ)



2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿ ಅಂಡಮಾನಿನ ದೂರವಾಣಿ ಕೈಕೊಟ್ಟಾಗ, ಪೋರ್ಟ್ ಬ್ಲೇರ್‌ನಲ್ಲಿದ್ದ ಭಾರತಿ ಪ್ರಸಾದ್ ಮತ್ತವರ ತಂಡ ಹ್ಯಾಮ್ ರೇಡಿಯೊ ಮೂಲಕ ಸುದ್ದಿ ಮುಟ್ಟಿಸಿತು. ಅಂತಹ ದಿನ ನಮ್ಮ ಕಾಪು, ಮಲ್ಪೆ ತೀರಕ್ಕೂ ಬರಬಹುದು. ಆಗ ಸೆಟ್ ಇದ್ದರೆ ಸಾಲದು, ಆಂಟೆನಾ ಕೆಲಸ ಮಾಡಬೇಕು.

7.1 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 42 ಮೀಟರ್. ಅದರ ಕಾಲು ಭಾಗ, ಎಂದರೆ ಹತ್ತೂವರೆ ಮೀಟರ್ ಎತ್ತರದ ಸರಳು ಬೇಕು. ಕಾರ್ಕಳದ 42 ಅಡಿಯ ಗೊಮ್ಮಟನಿಗಿಂತ ಏಳೆಂಟು ಅಡಿ ಮಾತ್ರ ಕಡಿಮೆ! ಮಣಿಪಾಲದ ಫ್ಲ್ಯಾಟಿನಲ್ಲೋ ಜೀಪಿನ ಮೇಲೋ ಇದು ಆಗದ ಮಾತು. ಆದ್ದರಿಂದ 2 ಮೀಟರ್ ಸರಳು ನಿಲ್ಲಿಸಿ ಬುಡದಲ್ಲಿ ತಾಮ್ರದ ಸುರುಳಿ ಹಾಕುತ್ತೇವೆ. ಇದೇ ಲೋಡಿಂಗ್ ಕಾಯಿಲ್.

ಕಡಿಮೆಯಾದ ಎಂಟೂವರೆ ಮೀಟರ್ ತಂತಿಯನ್ನು ಸುತ್ತಿಟ್ಟರಾಯಿತು ಎಂದು ಅನೇಕರು ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ಅದು ತಪ್ಪು. ಗಿಡ್ಡ ಸರಳು ಸೆಟ್ಟಿಗೆ ಕೆಪಾಸಿಟರಿನಂತೆ ವರ್ತಿಸುತ್ತದೆ. ಅದರ ರಿಯಾಕ್ಟೆನ್ಸ್ ಸಾವಿರ ಓಮ್ ದಾಟುತ್ತದೆ. ಸುಮಾರು 27 ಮೈಕ್ರೊಹೆನ್ರಿಯ ಸುರುಳಿ ಅದನ್ನು ರದ್ದು ಮಾಡುತ್ತದೆ, ಅಷ್ಟೇ. ಅಲೆ ಹೊರಡುವುದು ಸರಳಿನಿಂದ. ಮ್ಯಾಕ್ಸ್‌ವೆಲ್ 1865ರಲ್ಲಿ ಪ್ರಕಟಿಸಿದ ಸಿದ್ಧಾಂತದ ಪ್ರಕಾರ ಲೆಕ್ಕ ಹಾಕಿದರೆ, ಗಿಡ್ಡ ಸರಳಿನ ಉದ್ದ ಅರ್ಧವಾದಾಗ ವಿಕಿರಣ ರೋಧ ಕಾಲು ಭಾಗಕ್ಕೆ ಇಳಿಯುತ್ತದೆ. ಇಲ್ಲಿ ಅದು 1 ಓಮಿಗೂ ಕಡಿಮೆ. ಸುರುಳಿಯ ನಷ್ಟ 6 ಓಮ್, ನೆಲದ್ದು 10 ಎಂದಿಟ್ಟುಕೊಳ್ಳಿ. 100 ವ್ಯಾಟಿನಲ್ಲಿ ಅಲೆಯಾಗಿ ಹೋಗುವುದು ಸುಮಾರು 5 ವ್ಯಾಟ್, ಉಳಿದದ್ದು ಬಿಸಿ.

ನನ್ನ ಮೊದಲ ಕಾಯಿಲನ್ನು ಪಿವಿಸಿ ಪೈಪಿನ ಮೇಲೆ ತೆಳು ತಂತಿಯಲ್ಲಿ ಸುತ್ತಿದ್ದೆ. ಎಸ್‌ಡಬ್ಲ್ಯುಆರ್ ಮೀಟರ್ 1:1 ತೋರಿಸಿತು. ಸಂತೋಷವೋ ಸಂತೋಷ! ಮೂರು ಸಂಜೆ ಕರೆದರೂ ಒಬ್ಬರೂ ಓಗೊಡಲಿಲ್ಲ. ಸೆಟ್ ಆರಿಸಿ ಕಾಯಿಲ್ ಮುಟ್ಟಿದರೆ ಬೆಚ್ಚಗಿತ್ತು. ಮೀಟರ್ ಸುಳ್ಳು ಹೇಳಿರಲಿಲ್ಲ. ಒಟ್ಟು 17 ಓಮ್ ಇದ್ದಿದ್ದರೆ 50 ಓಮಿನ ಕೇಬಲಿಗೆ ಅದು 3:1 ತೋರಿಸಬೇಕಿತ್ತು. 1:1 ಬಂತೆಂದರೆ 49 ಓಮ್ ಬರೀ ನಷ್ಟ! ಡಮ್ಮಿ ಲೋಡಿಗೂ ಮೀಟರ್ 1:1 ಎಂದೇ ತೋರಿಸುತ್ತದೆಯಲ್ಲ.

ಆಮೇಲೆ ದಪ್ಪ ತಂತಿಯನ್ನು ಸುತ್ತುಗಳ ನಡುವೆ ಸಂದು ಬಿಟ್ಟು ಸುತ್ತಿದೆ. ಕಾಯಿಲನ್ನು ಸರಳಿನ ಮಧ್ಯಕ್ಕೆ ಏರಿಸಿದೆ. ಸುತ್ತು ಹೆಚ್ಚು ಬೇಕಾಯಿತು, ಆದರೆ ಕೆಳಗಿನ ಅರ್ಧದಲ್ಲಿ ಕರೆಂಟ್ ಚೆನ್ನಾಗಿ ಹರಿದು ವಿಕಿರಣ ರೋಧ ಏರಿತು. ಬೇಸಗೆಯಲ್ಲಿ ನಮ್ಮ ಮುರಕಲ್ಲಿನ ನೆಲ ಒಣಗಿರುತ್ತದೆ, ಅದಕ್ಕಾಗಿ ಬುಡದ ಸುತ್ತ ರೇಡಿಯಲ್ ತಂತಿಗಳನ್ನು ಹರಡಿದೆ. ಮೀಟರ್ ಕೆಟ್ಟದಾಗಿ ತೋರಿಸತೊಡಗಿತು, ಜನ ಉತ್ತರಿಸತೊಡಗಿದರು. ಮೀಟರನ್ನು ಸರಿಪಡಿಸಲು ಬುಡದಲ್ಲಿ ಸಣ್ಣ ಮ್ಯಾಚಿಂಗ್ ಕಾಯಿಲ್ ಸಾಕಾಯಿತು.

ಪ್ರಸಾರಕ್ಕೆ ಪರವಾನಗಿ ಕಡ್ಡಾಯ. ಗುಡುಗಿನ ದಿನ ಕೇಬಲ್ ಕಳಚಿಡಿ. ಎರಡೂ ಕಾಯಿಲ್ ತಂದಿದ್ದೇನೆ. ಊಟದ ನಂತರ ಮೇಜಿನ ಬಳಿ ಬನ್ನಿ, ಯಾವುದು ಬಿಸಿಯಾಗುತ್ತದೆಂದು ನೋಡುವ ಮೊದಲೇ ಊಹಿಸಿ ಹೇಳಿ.